ಚೀಲದ ಮೇಲಿನ ಎರಡು ಕೈ

ಮದುವೆ ಮುಗಿದು ಚಪ್ಪರದ ಗರಿ ಒಣಗುವ ಮುನ್ನವೇ ನಮ್ಮ ಬಿಳಿಚೋಡು ಕಡೆಯ ಮನೆಗಳಲ್ಲಿ ಹಿರಿಯರೊಬ್ಬರು ಗೋಡೆಗೊರಗಿ ಕೂತು ಮುಯ್ಯಿ ಪಟ್ಟಿ ತೆಗೆಯುತ್ತಾರೆ. ಯಾರು ಎಷ್ಟು ಹಾಕಿದರು, ಯಾರು ಸೀರೆ ಕೊಟ್ಟರು, ಯಾರು ಪಾತ್ರೆ ತಂದರು ಎಂದು ಓದಿಸಿ ಕೇಳುತ್ತಾರೆ. ಬರಿಗೈಯಲ್ಲಿ ಬಂದು ಎರಡು ದಿನ ಒಲೆಯ ಮುಂದೆ ಬೆಂದವರ ಹೆಸರು ಪಟ್ಟಿಯಲ್ಲಿರುವುದಿಲ್ಲ. ಆದರೆ ಮನೆಯವರ ನೆನಪಿನಲ್ಲಿ ಇರುತ್ತದೆ. ನಾಳೆ ಅವರ ಮನೆಯಲ್ಲಿ ಕಾರ್ಯ ಬಂದಾಗ ಪಟ್ಟಿ ಮತ್ತೆ ಹೊರಬರುತ್ತದೆ. ನೂರು ಹಾಕಿದವರಿಗೆ ನೂರೊಂದು ಹಾಕಿ ಬರುತ್ತೇವೆ. ಆ ಒಂದು ರೂಪಾಯಿ ಏತಕ್ಕೆ? ಶುಭಕ್ಕೆ ಎನ್ನುತ್ತಾರೆ. ನನಗೆ ತೋರುವುದು ಬೇರೆ. ಲೆಕ್ಕ ಚುಕ್ತಾ ಆಗಬಾರದು ಎಂದು ಹಿರಿಯರು ಇಟ್ಟ ಬಾಕಿ ಅದು. ಚುಕ್ತಾ ಆದ ಲೆಕ್ಕದ ಎರಡು ಕಡೆಯವರು ಮತ್ತೆ ಒಬ್ಬರ ಬಾಗಿಲಿಗೆ ಒಬ್ಬರು ಹೋಗಲು ಕಾರಣವೇನು ಉಳಿಯುತ್ತದೆ?

ಬಿತ್ತನೆಯ ಕಾಲದಲ್ಲೂ ಹೀಗೆಯೇ ಇತ್ತು. ಮಳೆಯನ್ನೇ ನಂಬಿದ ಜಗಳೂರು ಸೀಮೆಯಲ್ಲಿ ನೆಲದ ಹದ ಎರಡು ದಿನ ಕಾದೀತು, ಮೂರನೆಯ ದಿನ ಕಾಯದು. ಒಬ್ಬರ ಹೊಲಕ್ಕೆ ಹತ್ತು ಮನೆಯವರು ಇಳಿಯುತ್ತಿದ್ದರು. ಮುಯ್ಯಾಳು ಎಂದು ಅದಕ್ಕೆ ಹೆಸರು. ಅದು ಕೂಲಿಯಲ್ಲ, ಬಿಟ್ಟಿಯೂ ಅಲ್ಲ. ಟ್ರ್ಯಾಕ್ಟರು ಬಂದ ಮೇಲೆ ಮುಯ್ಯಾಳು ಅಪರೂಪವಾಯಿತು. ಮಾತು ಮಾತ್ರ ಉಳಿದಿದೆ.

ಪಡೆಯುವುದಕ್ಕೆ ನಮ್ಮ ಭಾಷೆ ಎಷ್ಟೊಂದು ಹೆಸರಿಟ್ಟಿದೆ! ಸಾಲ, ಕಡ, ಕೈಗಡ, ದಾನ, ಭಿಕ್ಷೆ, ಮುಯ್ಯಿ. ಒಂದೊಂದರ ತೂಕ ಒಂದೊಂದು. ಇವೆಲ್ಲದರ ಬೆನ್ನಿಗೆ ನೆರಳಿನಂತೆ ಬರುವ ಇನ್ನೊಂದು ಮಾತಿದೆ, ಹಂಗು. ಅದು ಪಡೆದ ವಸ್ತುವಿನ ಹೆಸರಲ್ಲ, ಪಡೆದ ಮೇಲೆ ಹೆಗಲ ಮೇಲೆ ಉಳಿಯುವ ಭಾರದ ಹೆಸರು. ಅದೇ ಒಂದು ಸೇರು ಅಕ್ಕಿ ಒಬ್ಬರಿಂದ ಬಂದಾಗ ಮುಯ್ಯಿಯಾಗುತ್ತದೆ, ಮತ್ತೊಬ್ಬರಿಂದ ಬಂದಾಗ ಹಂಗಾಗುತ್ತದೆ. ವ್ಯತ್ಯಾಸ ಅಕ್ಕಿಯಲ್ಲಂತೂ ಇಲ್ಲ. ತಿರುಗಿ ಕೊಡುವ ದಾರಿ ತೆರೆದಿದೆಯೋ ಮುಚ್ಚಿದೆಯೋ ಎಂಬುದರಲ್ಲಿ ಇದ್ದೀತೇ?

ಮನೆಗಳ ನಡುವೆ ಇಷ್ಟು ಸೂಕ್ಷ್ಮವಾಗಿ ನೋಡುವ ನಾವು, ದೇಶಗಳ ನಡುವಿನ ಮಾತು ಬಂದಾಗ ಎಲ್ಲವನ್ನೂ ‘ವಿದೇಶಿ ನೆರವು’ ಎಂಬ ಒಂದೇ ಗೂಡೆಗೆ ತುಂಬಿಬಿಡುತ್ತೇವೆ. ಯುದ್ಧದಲ್ಲಿ ಸೋತು ಸುಣ್ಣವಾದ ದೇಶ, ಬರದಲ್ಲಿ ಬೆಂದ ದೇಶ, ಇನ್ನೊಬ್ಬರು ಚಾಚಿದ ಕೈಯನ್ನು ಹಿಡಿಯಬೇಕೇ ಬಿಡಬೇಕೇ ಎಂಬ ಚರ್ಚೆ ಸಂಸತ್ತುಗಳಲ್ಲಿ ನಡೆದಷ್ಟು ಬೇರೆಲ್ಲೂ ನಡೆದಿಲ್ಲ. ಆದರೆ ಅಲ್ಲಿ ಮಾತಾಡಿದವರು ಬೇರೆ, ಉಂಡವರು ಬೇರೆ. ಉಂಡವರಲ್ಲಿ ನಾನೂ ಒಬ್ಬ.

1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧವಾದಾಗ ನಾನು ಊರ ಶಾಲೆಯ ಚಿಕ್ಕ ತರಗತಿಯಲ್ಲಿದ್ದೆ. ಆ ವರ್ಷ ಮಳೆ ಕೈಕೊಟ್ಟಿತು, ಮರುವರ್ಷವೂ ಕೈಕೊಟ್ಟಿತು. ವಾರಕ್ಕೊಂದು ಹೊತ್ತಿನ ಊಟ ಬಿಡಿ, ಸೋಮವಾರ ರಾತ್ರಿ ಒಲೆ ಹಚ್ಚಬೇಡಿ ಎಂದು ಪ್ರಧಾನಿ ಶಾಸ್ತ್ರಿಯವರು ದೇಶವನ್ನು ಕೇಳಿಕೊಂಡರು. ನಮ್ಮೂರಿನ ಅನೇಕ ಮನೆಗಳಲ್ಲಿ ಸೋಮವಾರ ಮೊದಲೇ ಶಿವನ ಒಪ್ಪತ್ತು. “ದೇವರಿಗೊಂದು ಸೋಮವಾರ, ದೇಶಕ್ಕೊಂದು ಸೋಮವಾರ ಎಲ್ಲಿಂದ ತರಾನ ಕಣಪ್ಪ?” ಎಂದು ಅಜ್ಜಿ ನಗುತ್ತಿದ್ದಳು. ನಗುತ್ತಲೇ ಮಂಗಳವಾರವೂ ಬಿಡುತ್ತಿದ್ದಳು. ಅದು ಶಾಸ್ತ್ರಿಯವರ ಮಾತಿಗಲ್ಲ, ಮಡಕೆಯ ಮಾತಿಗೆ.

ಆಗ ಸೊಸೈಟಿಗೆ ಕೆಂಪು ಗೋಧಿ ಬಂತು. ನವಣೆ, ಜೋಳ, ರಾಗಿ ಬಲ್ಲ ಕೈಗಳಿಗೆ ಆ ಗೋಧಿಯ ಗುಟ್ಟು ತಿಳಿಯದು. ಮುದ್ದೆ ಕಟ್ಟಿದರೆ ಗಂಟಲಿಗೆ ಅಂಟುವುದು, ರೊಟ್ಟಿ ತಟ್ಟಿದರೆ ರಬ್ಬರಿನಂತೆ ಹಿಂದಕ್ಕೆ ಸರಿಯುವುದು. ಕೊನೆಗೆ ನುಚ್ಚು ಒಡೆಸಿ ಬೇಯಿಸಿದರು. ಶಾಲೆಗಳಲ್ಲಿ ಮಧ್ಯಾಹ್ನದ ಉಪ್ಪಿಟ್ಟು ಬಂತು, ಹಾಲಿನ ಪುಡಿ ಬಂತು. ಪುಡಿಯನ್ನು ನೀರಿಗೆ ಕದಡುವ ತಾಳ್ಮೆ ಯಾವ ಹುಡುಗನಿಗಿತ್ತು? ಬೊಗಸೆಯಲ್ಲಿ ಹಿಡಿದು ಬಾಯಿಗೆ ಸುರಿದುಕೊಂಡರೆ ಅಂಗುಳಿಗೆ ಅಂಟಿ ಅರ್ಧ ಗಂಟೆ ಮಾತೇ ನಿಂತುಹೋಗುತ್ತಿತ್ತು. ನಮ್ಮ ಮೇಷ್ಟರಿಗೆ ಅದರಿಂದ ಉಪಕಾರವೇ ಆಗಿರಬೇಕು.

ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು ಆ ಚೀಲಗಳು. ಪಟ್ಟೆ ನಕ್ಷತ್ರಗಳ ಒಂದು ಗುರಾಣಿ, ಅದರ ಮೇಲೆ ಒಂದನ್ನೊಂದು ಹಿಡಿದ ಎರಡು ಕೈ. ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಮೇಷ್ಟರು ಓದಿ ಹೇಳಿದ್ದರು: ಅಮೆರಿಕದ ಜನ ಕೊಟ್ಟದ್ದು, ಮಾರುವಂತಿಲ್ಲ, ಬದಲಿಗೆ ಕೊಡುವಂತಿಲ್ಲ. ಆ ಎರಡು ಕೈಗಳೂ ಒಂದೇ ಎತ್ತರದಲ್ಲಿದ್ದವು. ಚಿತ್ರ ಬರೆದವನ ಮನಸ್ಸು ಒಳ್ಳೆಯದೇ ಇತ್ತು. ಆದರೆ ಸಾಲಿನಲ್ಲಿ ನಿಂತ ನಮಗೆ ಕಂಡದ್ದು ಮೇಲೊಂದು ಸೌಟು, ಕೆಳಗೊಂದು ತಟ್ಟೆ. ಬದಲಿಗೆ ಕೊಡುವಂತಿಲ್ಲ ಎಂಬ ಆ ಮಾತು ಕಾಳಸಂತೆಯನ್ನು ತಡೆಯಲು ಬರೆದದ್ದು, ನ್ಯಾಯವೇ. ಆದರೂ ಮುಯ್ಯಿಯ ಸೀಮೆಯಲ್ಲಿ ಹುಟ್ಟಿದವರಿಗೆ ಅದು ಬೇರೊಂದು ಅರ್ಥವನ್ನೂ ಹೇಳುವುದಿಲ್ಲವೇ?

ಗೋಧಿ ಬಂದದ್ದು ಪಿ.ಎಲ್. 480 ಎಂಬ ಕಾನೂನಿನ ಮೂಲಕ ಎಂಬುದು ಎಲ್ಲರಿಗೂ ಗೊತ್ತು. 1954ರಲ್ಲಿ ಅಮೆರಿಕ ಮಾಡಿದ ಆ ಕಾನೂನಿನಡಿ ನಾವು 1956ರ ಆಗಸ್ಟಿನಲ್ಲಿ ಮೊದಲ ಒಪ್ಪಂದಕ್ಕೆ ಸಹಿ ಹಾಕಿದೆವು. ಸೊಸೈಟಿಯ ಗೋಧಿಗೆ ದೇಶ ರೂಪಾಯಿಯಲ್ಲಿ ಬೆಲೆ ತೆತ್ತಿತು. ಶಾಲೆಯ ಉಪ್ಪಿಟ್ಟಿನದು ಮಾತ್ರ ಉಚಿತ. ಆ ರೂಪಾಯಿ ಅಮೆರಿಕದ ಹೆಸರಿನಲ್ಲಿ ಇಲ್ಲಿಯೇ ಉಳಿದು, ಬಹುಪಾಲು ಸಾಲವಾಗಿ ನಮ್ಮ ಕೈಗೇ ಮರಳುತ್ತಿತ್ತು. ಅಂದರೆ ಅದು ಪೂರ್ತಿ ದಾನವಲ್ಲ, ಪೂರ್ತಿ ಸಾಲವೂ ಅಲ್ಲ. ಹೆಸರಿಡಲಾಗದ್ದೇ ಅದರ ತೊಡಕಾಗಿತ್ತು. ಹೆಸರಿಲ್ಲದ ಬಾಕಿಗೆ ಗಡುವೂ ಇರುವುದಿಲ್ಲ, ಬಿಡುಗಡೆಯೂ ಇರುವುದಿಲ್ಲ.

ಯುದ್ಧ ಶುರುವಾದೊಡನೆ ಅಮೆರಿಕ ಎರಡೂ ದೇಶಗಳಿಗೆ ನೆರವು ನಿಲ್ಲಿಸಿತು. ಅದಕ್ಕೆ ಮೊದಲೇ ದೀರ್ಘಾವಧಿಯ ಗೋಧಿ ಒಪ್ಪಂದ ಮುಗಿದಿತ್ತು. ಅಧ್ಯಕ್ಷ ಜಾನ್ಸನ್ ಹಗ್ಗವನ್ನು ಗಿಡ್ಡ ಹಿಡಿದು ತಿಂಗಳ ಲೆಕ್ಕದಲ್ಲಿ ಹಡಗು ಬಿಡುತ್ತಿದ್ದರು. ನಿಮ್ಮ ಬೇಸಾಯ ಸರಿಮಾಡಿಕೊಳ್ಳಿ ಎಂಬುದು ಹೇಳಿದ ಕಾರಣ. ವಿಯೆಟ್ನಾಂ ಯುದ್ಧದ ಬಗ್ಗೆ ದೆಹಲಿ ಆಡಿದ ಮಾತು ರುಚಿಸದ್ದು ಹೇಳದೆಯೂ ತಿಳಿದ ಕಾರಣ. 1966ರಲ್ಲಿ ನಾವು ಹೊರಗಿನಿಂದ ತರಿಸಿದ ಧಾನ್ಯ ಒಂದು ಕೋಟಿ ಟನ್ ದಾಟಿತು. ಬಂದರಿನಲ್ಲಿ ಇಳಿದದ್ದು ಉಗ್ರಾಣ ನೋಡದೆ ಬಾಯಿಗೆ ಹೋಗುತ್ತಿದ್ದ ಕಾಲ. ಹಸಿದವನ ಮಾತನ್ನು ಅಳೆದು ಅನ್ನ ಬಡಿಸುವುದಾದರೆ ಅದನ್ನು ಅನ್ನ ಎನ್ನಬೇಕೇ? ಅನ್ನ ಬೇಕು ಎಂಬ ಕಾರಣಕ್ಕೆ ಮಾತನ್ನು ನುಂಗಿದರೆ ಉಂಡದ್ದು ಮೈಗೆ ಹತ್ತೀತೇ?

ಅದೇ ವರ್ಷ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಲಾಯಿತು. 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರು ಏಳೂವರೆ ರೂಪಾಯಿಯಾಯಿತು. ನೆರವು ಕೊಡುವವರ ಒತ್ತಾಯಕ್ಕೆ ಮಣಿದರು ಎಂದು ಎಡಪಕ್ಷಗಳು ಸಿಡಿದವು; ಕಾಂಗ್ರೆಸ್ಸಿನೊಳಗೆ ಅಧ್ಯಕ್ಷ ಕಾಮರಾಜರೇ ಒಪ್ಪಲಿಲ್ಲ. ಭರವಸೆ ಇಟ್ಟಷ್ಟು ನೆರವೂ ಬರಲಿಲ್ಲ ಎಂಬುದು ಮೇಲಿನ ಬರೆ.

ಈ ಚರ್ಚೆಯಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದವರು ಇಬ್ಬರು ಅರ್ಥಶಾಸ್ತ್ರಜ್ಞರು. ಒಬ್ಬರು ಇಂದಿನ ಕಾಸರಗೋಡು ಜಿಲ್ಲೆಯ ಬೆಳ್ಳಿಕೋತ್‌ನಲ್ಲಿ ಹುಟ್ಟಿದ ಬಿ.ಆರ್. ಶೆಣೈ. ಮಾರುಕಟ್ಟೆಯ ಸ್ವಾತಂತ್ರ್ಯವನ್ನು ನಂಬಿದವರು, ಎರಡನೆಯ ಪಂಚವಾರ್ಷಿಕ ಯೋಜನೆಗೆ 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು. ಅಂಥವರು ಅಮೆರಿಕದ ಗೋಧಿಯನ್ನು ಹೊಗಳಬೇಕಲ್ಲವೇ? ಹೊಗಳಲಿಲ್ಲ. ವಿದೇಶಿ ನೆರವು ಕೆಟ್ಟ ಆರ್ಥಿಕ ನೀತಿಗೆ ಆಸರೆಗೋಲಾಗುತ್ತದೆ ಎಂಬುದು ಅವರ ವಾದ. ಪಿ.ಎಲ್. 480ರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಎಡದ ತುದಿಯಲ್ಲಿ ನಿಂತವರೂ ಬಲದ ತುದಿಯಲ್ಲಿ ನಿಂತವರೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಬೇಡ ಎಂಬಲ್ಲಿ ಸೇರಿದರೆ, ನಡುವೆ ನಿಂತು ಬೇಕು ಎನ್ನುವವನ ಸ್ಥಿತಿ ಏನು? ನಡುವೆ ನಿಂತವನು ಸರ್ಕಾರ ನಡೆಸುವವನು. ಅವನ ಎದುರಿಗೆ ತಟ್ಟೆ ಹಿಡಿದ ಮಕ್ಕಳ ಸಾಲಿತ್ತು.

ಇನ್ನೊಬ್ಬರು ವಿ.ಕೆ.ಆರ್.ವಿ. ರಾವ್. ಬೆಂಗಳೂರಿನ ಐಸೆಕ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದವರು, ಮಗ್ಗುಲಿನ ಬಳ್ಳಾರಿಯಿಂದ ಲೋಕಸಭೆಗೆ ಹೋದವರು. ಎರಡನೆಯ ಮಹಾಯುದ್ಧದಲ್ಲಿ ನೆಲಕಚ್ಚಿದ ಪಶ್ಚಿಮ ಯುರೋಪನ್ನು ಎತ್ತಿ ನಿಲ್ಲಿಸಲು 1948ರಿಂದ ಮಾರ್ಷಲ್ ಯೋಜನೆಯ ಸುಮಾರು 1,300 ಕೋಟಿ ಡಾಲರ್ ಹರಿಯುತ್ತಿದ್ದ ಹೊತ್ತು. 1949ರಲ್ಲಿ ವಿಶ್ವಸಂಸ್ಥೆಯ ಒಂದು ಉಪ ಆಯೋಗದ ಅಧ್ಯಕ್ಷರಾಗಿದ್ದ ರಾವ್ ಒಂದು ಪ್ರಶ್ನೆ ಎತ್ತಿದರು. ಬಾಂಬು ಬಿದ್ದು ಬಡವಾದವರಿಗೆ ಹೀಗೆ. ಬಾಂಬು ಬೀಳದೆಯೇ ಬಡವಾಗಿ ಉಳಿದವರಿಗೆ ಹೇಗೆ? ಬಡ ದೇಶಗಳಿಗೆ ಅಗ್ಗದ ಸಾಲ ಕೊಡುವ ಒಂದು ಸಂಸ್ಥೆ ವಿಶ್ವಸಂಸ್ಥೆಯ ಸೂರಿನಡಿಯಲ್ಲೇ ಇರಲಿ ಎಂದು ಅವರು ಸೂಚಿಸಿದರು. ಇದರ ಮರ್ಮ ಹಣದಲ್ಲಿಲ್ಲ, ಸೂರಿನಲ್ಲಿದೆ. ಕೊಡುವವನೂ ಪಡೆಯುವವನೂ ಒಂದೇ ಮನೆಯ ಸದಸ್ಯರಾಗಿ ಕೂತರೆ ಒಬ್ಬನ ಕೈ ಮೇಲೆ, ಇನ್ನೊಬ್ಬನ ಕೈ ಕೆಳಗೆ ಎಂಬುದು ಎಷ್ಟೋ ಸಡಿಲಾಗುತ್ತದೆ. ಸಿರಿವಂತ ದೇಶಗಳು ಒಪ್ಪಲಿಲ್ಲ. ಹತ್ತು ವರ್ಷ ಕಳೆದು ಅದೇ ವಿಚಾರ ರೂಪ ಬದಲಿಸಿ 1960ರಲ್ಲಿ ವಿಶ್ವಬ್ಯಾಂಕಿನ ಒಂದು ಅಂಗವಾಗಿ ಬಂತು. ಸೂರು ಮಾತ್ರ ಬೇರೆಯಾಗಿತ್ತು. ಅಲ್ಲಿ ಹೆಚ್ಚು ಹಣ ಇಟ್ಟವನಿಗೆ ಹೆಚ್ಚು ಮತ.

ಮಾರ್ಷಲ್ ಯೋಜನೆ ಎಂದರೆ ಎಲ್ಲರೂ ಕೈಚಾಚಿ ಸ್ವಾಗತಿಸಿದ್ದು ಎಂದು ಈಗ ದೂರದಿಂದ ಅನಿಸುತ್ತದೆ. 1947ರ ಬೇಸಿಗೆಯಲ್ಲಿ ಜೆಕೊಸ್ಲೊವಾಕಿಯಾ ಮೊದಲು ಒಪ್ಪಿ, ಮಾಸ್ಕೋದಿಂದ ಕರೆ ಬಂದ ಮೇಲೆ ಹಿಂದೆಗೆಯಿತು. ಪಡೆದರೆ ಒಬ್ಬರ ಹಂಗು, ಬಿಟ್ಟದ್ದು ಮತ್ತೊಬ್ಬರ ಹಂಗಿಗೆ! ಗೆದ್ದ ಬ್ರಿಟನ್ನಿಗೂ ಸುಖವಿರಲಿಲ್ಲ. ಅಮೆರಿಕ ಕೊಡಮಾಡಿದ 375 ಕೋಟಿ ಡಾಲರ್ ಸಾಲದ ಷರತ್ತುಗಳನ್ನು 1945ರ ಡಿಸೆಂಬರಿನಲ್ಲಿ ಅದರ ಸಂಸತ್ತು ಹಲ್ಲು ಕಚ್ಚಿಕೊಂಡು ಒಪ್ಪಿತು. ಕೊನೆಯ ಕಂತು ಕಟ್ಟಿದ್ದು 2006ರ ಕೊನೆಗೆ. ಸಹಿ ಹಾಕಿದವರ ಮೊಮ್ಮಕ್ಕಳು ತೀರಿಸಿದರು ಎನ್ನಬೇಕು. ಅದು ಸಾಲ, ಕಷ್ಟವಾದರೂ ಅದಕ್ಕೊಂದು ಕೊನೆಯಿತ್ತು. ಆ ಕೊನೆಯಲ್ಲಿ ಒಂದು ಘನತೆಯೂ ಇತ್ತೆಂದು ನಾನು ಭಾವಿಸುತ್ತೇನೆ.

ನಮ್ಮ ಜನರ ತೀರ್ಪು ಏನಿತ್ತು? ನಮ್ಮ ತಾಲೂಕಿನವರೇ ಆದ ಜೆ. ಮಹಮದ್ ಇಮಾಂ ಸಾಹೇಬರು ಚಿತ್ರದುರ್ಗ ಕ್ಷೇತ್ರದಿಂದ 1957ರಲ್ಲಿ ಲೋಕಸಭೆಗೆ ಹೋದದ್ದು ಪ್ರಜಾ ಸೋಷಲಿಸ್ಟ್ ಪಕ್ಷದಿಂದ, 1967ರಲ್ಲಿ ಹೋದದ್ದು ಸ್ವತಂತ್ರ ಪಕ್ಷದಿಂದ. ಒಂದು ಸಮಾಜವಾದದ ಪಕ್ಷ, ಮತ್ತೊಂದು ಖಾಸಗಿ ಉದ್ಯಮದ ಪಕ್ಷ. ಸಿದ್ಧಾಂತದ ಪುಸ್ತಕದಲ್ಲಿ ಇವೆರಡರ ನಡುವೆ ಗೋಡೆಯಿದೆ. ಮತ ಹಾಕಿದವರಿಗೆ ಆ ಗೋಡೆ ಕಾಣಲಿಲ್ಲ. ಅವರಿಗೆ ಕಂಡದ್ದು ಸಾಹೇಬರು. ಬರದ ಸೀಮೆಯವರು ನೆರವನ್ನೂ ಹೀಗೆಯೇ ತೂಗುತ್ತಾರೆ, ಏನು ಕೊಟ್ಟರು ಎಂಬುದಕ್ಕಿಂತ ಯಾರು, ಯಾವ ಮುಖ ಹೊತ್ತು ಕೊಟ್ಟರು ಎಂದು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮ ನೆನಪಾಗದಿರುವುದು ಹೇಗೆ? ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಈ ಕತೆಯನ್ನು ನಾವು ನಿರಾಸೆಯ, ಅಂದರೆ ಆಸೆಯಿಲ್ಲದ ಬಾಳಿನ ಪಾಠವಾಗಿ ಮಕ್ಕಳಿಗೆ ಹೇಳುತ್ತೇವೆ. ಆದರೆ ಒಂದು ಮಾತನ್ನು ಗಮನಿಸುವುದಿಲ್ಲ. ಆಕೆ ಅಕ್ಕಿಯನ್ನೇ ಬೇಡವೆನ್ನಲಿಲ್ಲ. ನಿತ್ಯದ ಅಕ್ಕಿಯನ್ನು ಇಟ್ಟುಕೊಂಡಳು, ಅದನ್ನು ಅಟ್ಟಳು, ಜಂಗಮರಿಗೆ ಬಡಿಸಿದಳು. ಅಷ್ಟಕ್ಕೆ ಗಂಡನ ಬೆನ್ನು ಬಾಗಿದ ದುಡಿಮೆಯಿತ್ತು, ಮುಂದೆ ದಾಸೋಹದ ಪಂಕ್ತಿಯಿತ್ತು. ಹಿಂದೆ ಕಾಯಕವಿಲ್ಲದ, ಮುಂದೆ ಕೊಡುವ ಪಂಕ್ತಿಯಿಲ್ಲದ ಹೆಚ್ಚುವರಿ ಮಾತ್ರ ಆಕೆಗೆ ಭಾರವಾಗಿ ಕಂಡಿತು. ಬೇಕೇ ಬೇಡವೇ ಎಂದು ದೆಹಲಿಯಲ್ಲಿ ಎರಡು ಬಣವಾಗಿ ಕಾದಾಡುವಾಗ ‘ಎಷ್ಟು ಮತ್ತು ಮುಂದೆ ಯಾರಿಗೆ’ ಎಂಬ ಲಕ್ಕಮ್ಮನ ಪ್ರಶ್ನೆಯನ್ನು ಯಾರಾದರೂ ಕೇಳಿದರೇ?

ಒಂದು ರೀತಿಯಲ್ಲಿ ಕೇಳಿದರು ಎನ್ನಬೇಕು. 1966ರಲ್ಲಿ ಕೃಷಿ ಸಚಿವ ಸಿ. ಸುಬ್ರಹ್ಮಣ್ಯಂ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ತರಿಸಿದರು. ಅದೂ ಹೊರಗಿನದೇ. ಆದರೆ ಹಿಟ್ಟಿಗೂ ಬೀಜಕ್ಕೂ ವ್ಯತ್ಯಾಸವಿದೆಯಷ್ಟೆ? ಬೀಜದಲ್ಲಿ ತಿರುಗಿ ಕೊಡುವ ದಾರಿ ಇದೆ. ಬಯಲುಸೀಮೆಯವನಾಗಿ ನನ್ನದೊಂದು ತಕರಾರು ಮಾತ್ರ ಉಳಿದೇ ಇದೆ: ಆ ಬೀಜ ನೀರಿದ್ದವರ ಬೀಜ. ಪಂಜಾಬಿನ ಕಾಲುವೆಗೆ ಒಗ್ಗಿದ್ದು ಜಗಳೂರಿನ ಮಸಾರಿಗೆ ಒಗ್ಗಲಿಲ್ಲ. ಬರವನ್ನು ತಡೆದು ನಿಲ್ಲುವ ನವಣೆ, ಸಾಮೆಗಳು ಬಡವರ ಊಟವೆಂದು ಹಿಂದೆ ಸರಿದವು. ಈಗ ಅವನ್ನೇ ಸಿರಿಧಾನ್ಯವೆಂದು ಪಟ್ಟಣದವರು ದುಬಾರಿ ಪೊಟ್ಟಣದಲ್ಲಿ ಕೊಳ್ಳುತ್ತಾರೆ. ಹೊರಗಿನ ಅನ್ನ ಹೊಟ್ಟೆಯನ್ನು ಉಳಿಸಿತು, ನಾಲಿಗೆಯನ್ನು ಬದಲಿಸಿತು. ಇದರ ಲೆಕ್ಕ ಯಾವ ಪಟ್ಟಿಯಲ್ಲಿದೆ?

ಹಂಗಿನ ಕಹಿ ಎಷ್ಟು ಆಳಕ್ಕೆ ಇಳಿಯುತ್ತದೆಂಬುದಕ್ಕೆ ನಮ್ಮ ಬದುಗಳ ಮೇಲಿನ ಕಾಂಗ್ರೆಸ್ ಗಿಡವೆಂಬ ಕಳೆಯೇ ಸಾಕ್ಷಿ. ಅದು ಅಮೆರಿಕದ ಗೋಧಿಯ ಜೊತೆ ಬಂತು ಎಂದು ನಮ್ಮಲ್ಲಿ ಹೇಳದವರಿಲ್ಲ. ಪುಣೆಯ ಬಳಿ ಅದು ಕಣ್ಣಿಗೆ ಬಿದ್ದದ್ದು 1950ರ ದಶಕದ ನಡುವಿನಲ್ಲಿ, ಸರಿಸುಮಾರು ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೇ. ಹಡಗು ಬರುವ ಮೊದಲೇ ಕಳೆ ಹೂಬಿಟ್ಟಿತ್ತು ಎಂದಾದರೆ ಕತೆ ಅಷ್ಟು ಸರಳವಲ್ಲ. ಆದರೂ ಕತೆ ನಿಂತಿದೆ. ಪಡೆದ ಅನ್ನವನ್ನು ಜೀರ್ಣಿಸಿಕೊಂಡಷ್ಟು ಸುಲಭವಾಗಿ ಪಡೆದೆವೆಂಬುದನ್ನು ಜೀರ್ಣಿಸಿಕೊಳ್ಳಲಾಗದವರು ಒಂದು ಕಳೆಯನ್ನಾದರೂ ಕೊಟ್ಟವನ ಹೆಸರಿಗೆ ಬರೆಯುತ್ತಾರೆ. ಇದು ಕೃತಘ್ನತೆಯೇ? ಇರಬಹುದು. ಆದರೆ ತಿರುಗಿ ಕೊಡಲು ಏನೂ ಇಲ್ಲದವನು ದೂರನ್ನಾದರೂ ಕೊಡುತ್ತಾನೆ.

1974ರ ಫೆಬ್ರವರಿಯಲ್ಲಿ ಅಮೆರಿಕದ ರಾಯಭಾರಿ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಒಂದು ಚೆಕ್ಕನ್ನು ಭಾರತ ಸರ್ಕಾರದ ಕೈಗಿತ್ತರು. ಪಿ.ಎಲ್. 480ರ ರೂಪಾಯಿ ಗುಡ್ಡದ ದೊಡ್ಡ ಪಾಲನ್ನು ಹೀಗೆ ಬಿಟ್ಟುಕೊಟ್ಟದ್ದಾಯಿತು. ಉದಾರವೇ. ಆದರೂ ಮುಯ್ಯಿ ಪಟ್ಟಿ ಬಲ್ಲ ಯಾವ ಅಜ್ಜನಾದರೂ ಈ ಸುದ್ದಿ ಕೇಳಿ ಒಂದು ಕ್ಷಣ ಸುಮ್ಮನಾಗುತ್ತಿದ್ದ. ಬಾಕಿ ಹೊಡೆದುಹಾಕಿದರು ಎಂದರೆ ಇನ್ನು ನಮ್ಮ ಮನೆಯ ಕಾರ್ಯಕ್ಕೆ ಅವರು ಬರುವುದಿಲ್ಲವೇ?

ಈಗ ಕಾಲ ತಿರುಗಿದೆ. 2004ರ ಸುನಾಮಿಯಲ್ಲಿ, 2018ರ ಕೇರಳದ ಪ್ರವಾಹದಲ್ಲಿ ಹೊರಗಿನ ಸರ್ಕಾರಗಳು ಚಾಚಿದ ಕೈಯನ್ನು ನಾವು ವಿನಯದಿಂದ ಬೇಡವೆಂದೆವು. 2022ರಲ್ಲಿ ಲಂಕೆ ದಿವಾಳಿಯೆದ್ದಾಗ ಸುಮಾರು 400 ಕೋಟಿ ಡಾಲರಿನ ಆಸರೆ ಕೊಟ್ಟೆವು. ಸಂತೋಷವೇ. ಆದರೆ ಬೇಡವೆನ್ನುವಾಗ ನಮ್ಮ ದನಿಯಲ್ಲಿದ್ದದ್ದು ಸ್ವಾಭಿಮಾನವೇ, ಹಳೆಯ ಚೀಲದ ನೆನಪೇ? ಕೊಡುವಾಗ ನಮ್ಮ ಕೈ ಯಾವ ಎತ್ತರದಲ್ಲಿತ್ತು? ದಾಸೋಹ ಎಂಬ ಮಾತಿನಲ್ಲಿ ದಾಸನಾಗುವವನು ಬಡಿಸುವವನು, ಉಣ್ಣುವವನಲ್ಲ. ಆ ಮಾತು ಹುಟ್ಟಿದ ನಾಡಿನವರು ನಾವು. ಕೊಲಂಬೊದ ಅಡುಗೆಮನೆಯಲ್ಲಿ ನಮ್ಮ ಚೀಲದ ಮೇಲೆ ಒಬ್ಬ ಹುಡುಗ ಏನು ಓದಿರಬಹುದೆಂದು ಕೇಳಿಕೊಳ್ಳಬೇಡವೇ?

ಇಷ್ಟಾಗಿಯೂ ನನಗೆ ಒಂದು ಸಮಾಧಾನ ಸಿಕ್ಕಿದ್ದು ತೀರ ತಡವಾಗಿ, ಅನಿರೀಕ್ಷಿತವಾದ ಮೂಲೆಯಿಂದ. ಆ ಗೋಧಿಯ ರೂಪಾಯಿಯಲ್ಲಿ ಒಂದು ಸಣ್ಣ ಪಾಲನ್ನು ಅಮೆರಿಕ 1962ರಿಂದ ಪುಸ್ತಕಗಳಿಗೆ ಖರ್ಚು ಮಾಡಿತು. ಅವರ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ತೆರೆದು ಭಾರತೀಯ ಭಾಷೆಗಳ ಪ್ರಕಟಣೆಗಳನ್ನು ಕೊಂಡು, ಆಯ್ದ ವಿಶ್ವವಿದ್ಯಾಲಯಗಳಿಗೆ ಹಡಗಿನಲ್ಲಿ ಕಳಿಸುತ್ತಿತ್ತು. ಕನ್ನಡವೂ ಅದರಲ್ಲಿತ್ತು. ಕಾದಂಬರಿ, ಕವನ, ವಚನ ಸಂಪುಟ ಎಲ್ಲವೂ ಹೋದವು. ಅವು ತಲುಪಿದ ಜಾಗಗಳಲ್ಲಿ ಷಿಕಾಗೊ ಒಂದು, ಮೈಸೂರಿನ ಎ.ಕೆ. ರಾಮಾನುಜನ್ ಅಲ್ಲಿಯೇ ಪಾಠ ಹೇಳುತ್ತಿದ್ದರು, 1973ರಲ್ಲಿ ಅವರು ಮಾಡಿದ ವಚನಗಳ ಇಂಗ್ಲಿಷ್ ಅನುವಾದ ಹೊರಬಂತು.

ಹಡಗು ಬರುವಾಗ ಗೋಧಿ, ಹೋಗುವಾಗ ಪುಸ್ತಕ. ಯಾರೂ ಹೀಗೆಂದು ಯೋಚಿಸಿ ಮಾಡಿದ್ದಲ್ಲ. ಬೇಕು ಎಂದವರ ಭಾಷಣದಲ್ಲೂ ಬೇಡ ಎಂದವರ ಭಾಷಣದಲ್ಲೂ ಇದರ ಸುಳಿವಿರಲಿಲ್ಲ. ನಮ್ಮ ಅಜ್ಜಿ ಸೊಸೈಟಿಯಲ್ಲಿ ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟ ಚಿಲ್ಲರೆ ಎಲ್ಲೆಲ್ಲೋ ಸುತ್ತಿ, ಆಕೆ ಓದಲಾರದ ಅಕ್ಷರಗಳ ಬೆಲೆಯಾಗಿ ಸಮುದ್ರ ದಾಟಿತೋ ಏನೋ. ಅಲ್ಲಿನ ಗ್ರಂಥಾಲಯಗಳ ಹಳೆಯ ಕ್ಯಾಟಲಾಗ್ ನಮೂದುಗಳಲ್ಲಿ ಆ ಕನ್ನಡ ಪುಸ್ತಕಗಳ ಹೆಸರಿನ ಮಗ್ಗುಲಲ್ಲಿ ‘ಪಿ.ಎಲ್. 480’ ಎಂಬ ಗುರುತು ಇಂದಿಗೂ ಇದೆ, ಮುಯ್ಯಿ ಪಟ್ಟಿಯಲ್ಲಿ ಹೆಸರಿನ ಮುಂದೆ ಬರೆದಿಟ್ಟ ಹಾಗೆ.